ಬೆಟ್ಟಕ್ಕೆ ಕೇಳಿ ಹೇಳ್ತಿದ್ದ ಮನುಷ್ಯ

ಸತ್ತವರ ಬಗ್ಗೆ ಒಳ್ಳೇ ಮಾತೇ ಆಡಬೇಕು ಅಂತಾರೆ. ಆಡ್ತೀನಿ. ಆದರೆ ಮೊದಲು ಬೈದು ಮುಗಿಸ್ತೀನಿ. ಸಾವಿನ ಮನೆಯಲ್ಲಿ ಬಾಯಿಗೆ ಸೆರಗು ಒತ್ಕೊಂಡು ಕೂತು ಕೂತು ನನಗೆ ಸಾಕಾಗಿ ಹೋಗಿದೆ.

ನಮ್ಮ ಟ್ರಾವೆಲ್ಸ್ ಮಾಲೀಕರು ತೀರಿಹೋದವರ ಫೋಟೋಗೆ ಹಾರ ಹಾಕಿ, ಕಣ್ಣೊರೆಸ್ಕೊಂಡು ಒಂದು ಮಾತಂದರು. 'ಸೇಲಂ ಜನಕ್ಕೆ ಏರ್ಕಾಡು ತೋರಿಸಿಕೊಟ್ಟ ಮನುಷ್ಯ ಕಣಮ್ಮಾ.' ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನಾನೂ ಆಡಿಸಿದೆ. ತೋರಿಸಿದ್ದು ನಿಜ. ಯಾರ್ಯಾರಿಗೋ ತೋರಿಸಿದರು. ಗೋಡೆಗೆ ಒರಗಿ ಕೂತಿದ್ದಳಲ್ಲ ಅವರ ಹೆಂಡತಿ, ಅದೇ ಬೆಟ್ಟದ ಮೇಲೆ ಹುಟ್ಟಿದವಳು, ಅವಳಿಗೊಬ್ಬಳಿಗೆ ತೋರಿಸಲಿಲ್ಲ. ಮದುವೆಯಾಗಿ ಕೆಳಗೆ ಇಳಿದ ಮೇಲೆ ಆಕೆ ಒಂದು ಸಲವೂ ಮೇಲೆ ಹೋಗಿರಲಿಲ್ಲ.

ಅವರು ಮತ್ತು ನಾನು ಒಂದೇ ಆಫೀಸಿನಲ್ಲಿ ಎದುರುಬದುರು ಕೂತವರು. ಹೊಸ ಬಸ್ ಸ್ಟ್ಯಾಂಡ್ ಹಿಂದಿನ ಬೀದಿ, ಕೆಳಗಡೆ ಜೆರಾಕ್ಸ್ ಅಂಗಡಿ, ಮೇಲೆ ನಾವು. ನಾನು ಬಸ್ಸು ರೈಲಿನ ಟಿಕೆಟ್ ನೋಡ್ಕೋಬೇಕು. ಅವರದು ಏರ್ಕಾಡು. ವ್ಯಾನು, ಕಾಟೇಜು, ರೂಮು, ಊಟ, ಎಲ್ಲಾ ಅವರ ಕೌಂಟರು. ನಾನು ಸೇಲಂನಲ್ಲೇ ಹುಟ್ಟಿದ ಕನ್ನಡದವಳು, ಅವರು ನಂಗವಳ್ಳಿ ಕಡೆಯ ಕುರಿ ಸಾಕೋ ಮನೆತನದವರು. ಗಿರಾಕಿಗಳ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ. ನನ್ನ ಕನ್ನಡ ಕೇಳಿ ನಗೋರು. 'ನಿಮ್ದು ಬರೇ ಬಿಳೀ ಅನ್ನ ಕಣಮ್ಮಾ, ನಮ್ದು ರಾಗಿ ಕಳಿ' ಅನ್ನೋರು.

ನೋಡೋಕೆ ಸಣ್ಣ ಆಳು. ಹಣೆ ತುಂಬಾ ವಿಭೂತಿ, ಜೇಬಿನಲ್ಲಿ ಬಾಚಣಿಗೆ. ಅವರ ಕುರ್ಚಿಯ ಬೆನ್ನಿಗೆ ಒಂದು ಕಂದು ಬಣ್ಣದ ಸ್ವೆಟರು ನೇತಾಡ್ತಿತ್ತು. ಸೇಲಂ ಬಿಸಿಲು ನಿಮಗೆ ಗೊತ್ತಲ್ಲ, ಮಾರ್ಚಿನಲ್ಲೇ ಫ್ಯಾನು ಬಿಸಿಗಾಳಿ ಉಗುಳುತ್ತೆ. ಆ ಉರಿಯಲ್ಲೂ ಸ್ವೆಟರು ಅಲ್ಲೇ. ಗಿರಾಕಿ ಮೆಟ್ಟಿಲು ಹತ್ತೋ ಸದ್ದು ಕೇಳಿದರೆ ಸಾಕು, ಅದನ್ನ ಒಂದು ಸಲ ಕೊಡವಿ ಮತ್ತೆ ನೇತಾಕೋರು. ಈಗಷ್ಟೇ ಬೆಟ್ಟ ಇಳಿದು ಬಂದ ಹಾಗೆ! ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಂಬಿದ್ದೆ.

ಗಿರಾಕಿಗಳು ಬಂದು ಕೂತು ಕೇಳೋದು ಒಂದೇ ಮಾತು. 'ಸಾರ್, ಏರ್ಕಾಡು ಎಪ್ಪೊ ಪೋನಾ ನಲ್ಲಾ ಇರುಕ್ಕುಂ?' ಯಾವಾಗ ಹೋದರೆ ಚೆನ್ನಾಗಿರುತ್ತೆ. ಬೇರೆ ಟ್ರಾವೆಲ್ಸಿನವನಾದರೆ 'ಈಗ್ಲೇ ಹೊರಡಿ, ವ್ಯಾನ್ ರೆಡಿ' ಅಂತಾನೆ. ಇವರು ಹಾಗನ್ನೋರಲ್ಲ. ಕನ್ನಡಕ ತೆಗೆದು ಫೋನಿನ ಮೇಲಿಟ್ಟು, 'ಯಾರ್ಯಾರು ಬರ್ತಾರೆ?' ಅಂತ ಕೇಳೋರು. ಅಜ್ಜಿ ಇದ್ದಾರಾ, ಮಂಡಿ ನೋವಾ, ಉಬ್ಬಸವಾ, ಮಕ್ಕಳು ಎಷ್ಟು ದೊಡ್ಡವು, ಅತ್ತೆ ಜೊತೆಗೆ ಬರ್ತಾರಾ ಇಲ್ಲವಾ. ಎಲ್ಲಾ ಕೇಳಿ ತಿಂಗಳು ಹೇಳೋರು.

ಹೊಸ ಗಂಡ ಹೆಂಡತಿ ಬಂದರೆ, 'ಐಪ್ಪಸಿ ತಿಂಗ್ಳ ಮಳೆ ಮುಗೀಲಿ, ಮಂಜು ಇಳೀಲಿ, ಆಗ ಓಗಿ. ಕೆರೆ ಕಾಣಲ್ಲ, ಬೆಟ್ಟ ಕಾಣಲ್ಲ, ಒಬ್ರಿಗೊಬ್ರು ಚೆನ್ನಾಗಿ ಕಾಣ್ತೀರಾ' ಅಂತ ತಮಿಳಿನಲ್ಲಿ ಹೇಳಿ ಹುಡುಗಿ ನಾಚೋ ಹಾಗೆ ಮಾಡೋರು. ಮಕ್ಕಳಿರೋರಿಗೆ ಕಿತ್ತಳೆ ಹಣ್ಣಾಗೋ ಚಳಿಗಾಲ. ಜನಜಂಗುಳಿ ಇಷ್ಟಪಡೋರಿಗೆ ಮೇ ತಿಂಗಳ ಹೂವಿನ ಪ್ರದರ್ಶನ. 'ಅಲ್ಲಿ ಊವಿಗಿಂತ ತಲೇನೇ ಜಾಸ್ತಿ, ನಿಮ್ಗೆ ಅದೇ ಸರಿ' ಅಂತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸೋರು. ತಾರಮಂಗಲದ ಒಬ್ಬ ಉಬ್ಬಸದ ಅಜ್ಜಿಗೆ ಮೂರು ಸಲ ಬೇಡ ಬೇಡ ಅಂತ ವಾಪಸು ಕಳಿಸಿದ್ದರು. ನಾಲ್ಕನೇ ಸಲ ಹೋಗಿ ಬಂದ ಅಜ್ಜಿ ಒಂದು ಡಬ್ಬ ಎಳ್ಳುಂಡೆ ತಂದು ಇವರ ಕೈ ಹಿಡಿದು ಅತ್ತಿತು.

ಆದರೆ ಯಾರಿಗೂ ತಕ್ಷಣ ಉತ್ತರ ಕೊಡ್ತಿರಲಿಲ್ಲ. 'ಇರಿ, ಬೆಟ್ಟಕ್ಕೆ ಕೇಳ್ತೀನಿ' ಅನ್ನೋರು. ಫೋನ್ ಎತ್ತಿ, ಬೆನ್ನು ತಿರುಗಿಸಿ, ಪಿಸುಪಿಸು ಅಂತ ಕೇಳಿ, 'ಊಂ, ಊಂ' ಅಂದು ಇಡೋರು. ಆಮೇಲೆ ಹೇಳೋ ಮಾತು ತಪ್ಪುತ್ತಿದ್ದದ್ದು ಕಡಿಮೆ. ಮೇಲೆ ಯಾವುದೋ ಕಾಟೇಜಿನ ವಾಚ್‌ಮನ್ ಇರಬೇಕು, ಅವನನ್ನ ಕೇಳ್ತಾರೆ ಅಂತ ನಾವೆಲ್ಲ ತಿಳ್ಕೊಂಡಿದ್ದೆವು.

ಒಂದು ದಿನ ಅವರು ಮೆಟ್ಟೂರಿಗೆ ಮಗನನ್ನ ನೋಡೋಕೆ ಹೋಗಿದ್ದರು. ಮಗನಿಗೆ ಅಲ್ಲಿ ಕರೆಂಟ್ ಪ್ಲಾಂಟಿನಲ್ಲಿ ಕೆಲಸ. ಆವತ್ತು ಒಂದು ದೊಡ್ಡ ಗುಂಪು ಬಂದು ನನ್ನ ತಲೆ ತಿನ್ನೋಕೆ ಶುರು ಮಾಡಿತು. ಶನಿವಾರ ಹೋಗಬಹುದಾ, ಮಳೆ ಬರುತ್ತಾ, ಜೊತೆಗೆ ಕೈಗೂಸು ಇದೆ. ನನಗೇನು ಗೊತ್ತು ಮಣ್ಣು! ಅವರ ಫೋನಿನಲ್ಲಿ ಕೊನೆಗೆ ಒತ್ತಿದ ನಂಬರಿಗೇ ಮತ್ತೆ ಹೋಗೋ ಗುಂಡಿ ಇತ್ತಲ್ಲ, ಅದನ್ನ ಒತ್ತಿದೆ. ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ ಬಂತು. 'ಊಂ, ಏಳಿ. ಯಾರ್ ಓಗ್ತಾರಂತೆ?'

'ಕೈಗೂಸು ಇದೆಯಂತೆ, ಶನಿವಾರ' ಅಂದೆ, ಬಾಯಿಗೆ ಬಂದದ್ದು.

ನನ್ನ ದನಿ ಗುರುತು ಸಿಗಲಿಲ್ಲ ಅಂತ ಆಕೆ ಗಾಬರಿಯಾಗಲಿಲ್ಲ. 'ಒಂದ್ ನಿಮ್ಸ ಇರು' ಅಂದಳು. ರಿಸೀವರ್ ಕೆಳಗಿಟ್ಟ ಸದ್ದು. ಚಪ್ಪಲಿ ಟಪಟಪ ಅಂತ ಮೆಟ್ಟಿಲು ಹತ್ತಿತು. ಸ್ವಲ್ಪ ಹೊತ್ತು ಏನಿಲ್ಲ, ಎಲ್ಲೋ ಒಂದು ಕೋಳಿ. ಮತ್ತೆ ಟಪಟಪ ಇಳಿದು ಬಂತು. 'ಶನಿವಾರ ಬ್ಯಾಡ. ಮೋಡ ಕೆಳಗಡೆಗೆ ಜಾರೈತೆ. ಮಗೀಗೆ ಆಗಲ್ಲ. ಬುಧವಾರದ ಮೇಲೆ ಓಗ್ಲಿ.'

'ನೀವು ಯಾರಮ್ಮಾ?' ಅಂದೆ.

'ನಾನ್ ಯಾರಾ? ಅವ್ರ ಎಂಡ್ತಿ. ನೀನ್ ಯಾರು?'

ಅಂದರೆ ಬೆಟ್ಟ ಅನ್ನೋದು ಸೇಲಂನಲ್ಲೇ ಇತ್ತು. ಅವರ ಮನೆ ತಾರಸಿಯ ಮೇಲೆ.

ಆವತ್ತು ಸಂಜೆಯೇ ಹೋದೆ. ನನಗೆ ಒಳ್ಳೆಯ ಕುತೂಹಲ. ಆಕೆಯನ್ನ ನಾನು ಆಗಿನಿಂದ ಅಕ್ಕ ಅಂತಲೇ ಕರೆದದ್ದು. ಉದ್ದಕ್ಕೆ, ಗಟ್ಟಿಮುಟ್ಟಾಗಿದ್ದಳು, ಗಂಡನಿಗಿಂತ ಒಂದು ಗೇಣು ಎತ್ತರ. ತಾರಸಿಗೆ ಕರ್ಕೊಂಡು ಹೋದಳು. ನೀರಿನ ಟ್ಯಾಂಕು, ಒಣಗೋಕೆ ಹಾಕಿದ ಮೆಣಸಿನಕಾಯಿ, ಅದರಾಚೆ ನೀಲಿಗೆ ಬೆಟ್ಟ. ಅಲ್ಲಿ ಒಂದು ಸ್ಟೂಲು. 'ಅಗೋ ಬೆಟ್ಟದಾಗೆ ಆ ಮಡಿಕೆ ಐತಲ್ಲ, ಅದ್ರ ಇಂದೆ ನಮ್ ಎಸ್ಟೇಟು. ಕೂಲಿಯೋರ ಲೈನ್ ಮನೆ. ನಮ್ಮಪ್ಪ ಕಾಪಿ ಕಾವಲಿಗಿದ್ರು' ಅಂದಳು. ತೋರಿಸ್ತಾ ತೋರಿಸ್ತಾ ಬೆರಳು ಅಲ್ಲೇ ನಿಂತುಬಿಡ್ತು.

ನಾನು ಪೆದ್ದಿಯ ಹಾಗೆ ಕೇಳಿದೆ. 'ಅಕ್ಕಾ, ನಿಮ್ಮ ಲೆಕ್ಕದಲ್ಲಿ ಯಾವ ಸೀಸನ್ ಚೆನ್ನಾಗಿರುತ್ತೆ?'

'ಇವರು ಯಾರ್ಗೂ ಏಳಲ್ಲ ಅದನ್ನ' ಅಂದಳು. 'ನಾನೇ ಇವ್ರಿಗೆ ಏಳ್ಕೊಟ್ಟಿಲ್ಲ. ಪಂಗುನಿ ತಿಂಗ್ಳಾಗೆ, ಯುಗಾದಿ ಆಸುಪಾಸು, ಬಿಸ್ಲು ಏರಿ ಮಣ್ಣು ಒಡೆದಿರ್ತದಲ್ಲ, ಆಗ ಒಂದು ಮಳೆ ಬೀಳ್ತದೆ. ಬಿದ್ದ ವಾರಕ್ಕೆ ಕಾಪಿ ಗಿಡ ಎಲ್ಲಾ ಒಂದೇ ದಿನ ಬೆಳ್ಳಗೆ ಊವಾಯ್ತದೆ. ಎಲೆ ಕಾಣಲ್ಲ. ವಾಸ್ನೆಗೆ ತಲೆ ತಿರುಗ್ತದೆ. ಎಲ್ಡ್ ದಿನ, ಮೂರನೇ ದಿನಕ್ಕೆ ಕಂದು. ನಮ್ಮವ್ವಂಗೆ ಎರಿಗೆ ಆಗಿದ್ದು ಆ ಊವಿನಾಗಂತೆ. ಅದನ್ನ ಒಂದ್ಸಲ ನೋಡ್ಬೇಕು ಕಣೇ. ಇನ್ನೇನೂ ಬ್ಯಾಡ.'

ಮಾರನೇ ದಿನ ಆಫೀಸಿನಲ್ಲಿ ಇವರನ್ನ ಹಿಡ್ಕೊಂಡೆ. 'ಏನ್ರೀ ಇದು, ಊರಿಗೆಲ್ಲ ಬೆಟ್ಟ ಮಾರ್ತೀರಾ, ಅಕ್ಕನ್ನ ಒಂದು ದಿನ ಕರ್ಕೊಂಡು ಹೋಗೋಕೆ ಏನು ರೋಗ?' ಅಂದೆ. ಸ್ವೆಟರಿನ ದಾರ ಎಳೀತಾ ಕೂತರು. ಆಮೇಲೆ ಬಾಯಿ ಬಿಟ್ಟರು. 'ಎಂಗೆ ಓಗೋದಮ್ಮಾ? ನಂಗವಳ್ಳೀಲಿ ನಮ್ ಚಿಕ್ಕಪ್ಪ ಓಗ್ಬಿಟ್ರಲ್ಲ. ಒಂದು ವರ್ಷ ಬೆಟ್ಟ ಅತ್ತಂಗಿಲ್ಲ.'

ನಿಮಗೂ ಗೊತ್ತಿರಬಹುದು. ನಮ್ಮ ಕಡೆ ಮನೇಲಿ ಸಾವಾದರೆ ವರ್ಷ ತುಂಬೋವರೆಗೆ ಬೆಟ್ಟದ ಮೇಲಿನ ದೇವರಿಗೆ ಹೋಗೋದಿಲ್ಲ. ದೊಡ್ಡ ಬೆಟ್ಟದ ದೇವರ ಹರಕೆ ಇದ್ದರೂ ತಡೀತಾರೆ. ಅದು ದೇವರ ಮಾತು, ಇರಲಿ. ಈ ಮಹಾನುಭಾವರು ಅದನ್ನ ಹಿಗ್ಗಿಸಿ ಹಿಗ್ಗಿಸಿ, ದೇವಸ್ಥಾನ ಅಲ್ಲದ ಬೆಟ್ಟಕ್ಕೂ ತಂದು ಹೊದಿಸಿದ್ದರು. ಬೇಕರಿ ಇರೋ ಬೆಟ್ಟ! ಬೋಟಿಂಗ್ ಇರೋ ಬೆಟ್ಟ! ಅಷ್ಟೇ ಆಗಿದ್ದರೂ ಒಂದು ವರ್ಷ ಕಾಯಬಹುದಿತ್ತು. ಆದರೆ ಅವರದು ನಂಗವಳ್ಳಿಯ ಸುತ್ತ ಹರಡಿಕೊಂಡ ದೊಡ್ಡ ದಾಯಾದಿ ಕುಲ. ಹಟ್ಟಿ ಹಟ್ಟಿಗೂ ಅಣ್ಣತಮ್ಮಂದಿರು. ಒಬ್ಬರ ವರ್ಷ ಮುಗಿಯೋ ಹೊತ್ತಿಗೆ ಇನ್ನೊಬ್ಬರು ಕಣ್ಣು ಮುಚ್ಚೋರು. ಮದುವೆಯಾದ ವರ್ಷ ಅಕ್ಕನ ಮಾವ. ಆಮೇಲೆ ಅಕ್ಕ ಬಸುರಿ, ಬಸುರಿ ಮನೇಲಿ ಬೆಟ್ಟ ಕೂಡದು. ಆಮೇಲೆ ಅತ್ತೆ. ಆಮೇಲೆ ದೊಡ್ಡಪ್ಪ, ಅವರ ತಮ್ಮ, ಅವರ ಸಡ್ಡಕ. ಸಡ್ಡಕ ಎಲ್ಲಿಯ ದಾಯಾದಿ ಅಂತ ನಾನು ಕೇಳಿದರೆ, 'ನಮ್ ಮನೇಲೇ ಊಟ ಮಾಡಿದ್ದೋರು' ಅಂದರು. ಯಾರೂ ಸಾಯದ ವರ್ಷ ಒಂದು ಬಂದಿತ್ತಂತೆ. ಆ ವರ್ಷ ಒಂದು ಟಗರು ಸತ್ತಿದ್ದನ್ನೂ ಅಪಶಕುನ ಅಂತ ಸೇರಿಸಿಕೊಂಡರಂತೆ. ಇದನ್ನ ಹೇಳಿದ್ದು ಅಕ್ಕ. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ತಾರಮಂಗಲಕ್ಕೆ ಹೋದಾಗ ಅಲ್ಲಿ ಒಬ್ಬ ವಯಸ್ಸಾದ ಅರ್ಚಕರನ್ನ ಕೇಳಿಯೇಬಿಟ್ಟೆ. ಅವರು ಹೊಟ್ಟೆ ಅಲ್ಲಾಡಿಸಿ ನಕ್ಕರು. 'ಬೋಟಿಂಗ್‌ಗೆ ಎನ್ನಮ್ಮಾ ತೀಟ್ಟು? ಪೋಯಿಟ್ಟು ವಾಂಗೋ' ಅಂದರು. ದೋಣಿಯಲ್ಲಿ ಕೂರೋಕೆ ಏನು ಸೂತಕ, ಹೋಗಿಬನ್ನಿ ಅಂತ. ಓಡಿಬಂದು ಇವರಿಗೆ ಹೇಳಿದೆ. ಬಾಚಣಿಗೆ ತೆಗೆದು ತಲೆ ಬಾಚ್ಕೊಂಡರು. 'ಅವ್ರ ಪದ್ಧತಿ ಬೇರೆ, ನಮ್ ಪದ್ಧತಿ ಬೇರೆ' ಅಂದರು. ಇಂಥ ಮನುಷ್ಯನಿಗೆ ಏನು ಹೇಳ್ತೀರಾ!

ಈಗ ಒಳ್ಳೇ ಮಾತು ಒಂದು ಹೇಳಿಬಿಡ್ತೀನಿ, ಮಾತು ಕೊಟ್ಟಿದ್ದೀನಲ್ಲ. ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಗಂಜಿ ತಂದವರು ಇವರು. ಅಮ್ಮನ ಮಂಚದ ಪಕ್ಕ ಕೂತು, 'ವಾಸಿಯಾದ ಮೇಲೆ ಯಾವ ತಿಂಗ್ಳು ಬೆಟ್ಟಕ್ಕೆ ಓಗೋಣ?' ಅಂತ ಕೇಳಿ, ಬೇಕಿತ್ತೋ ಬೇಡವೋ ಹನ್ನೆರಡು ತಿಂಗಳನ್ನೂ ವರ್ಣಿಸೋರು. ಈ ತಿಂಗಳು ಪೇರಿಕಾಯಿ, ಆ ತಿಂಗಳು ಮೆಣಸು ಕೊಯ್ಲು, ಇನ್ನೊಂದು ತಿಂಗಳು ಹಲಸು. ನೋವಿನಲ್ಲೂ ಅಮ್ಮ ನಗೋರು. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗ್ತಿದ್ದೆ. ಒಳ್ಳೆಯವನಾಗಿ ಹೆಂಡತಿಗೊಬ್ಬಳಿಗೆ ಹೀಗೆ ಮಾಡಿದನಲ್ಲ, ಅದಕ್ಕೇ ನನಗೆ ಇಷ್ಟು ಕೋಪ.

ಒಂದು ವರ್ಷ ಮಾತ್ರ ನಾನು ಬಿಡಲಿಲ್ಲ. ಲೆಕ್ಕ ಹಾಕಿದರೆ ನಂಗವಳ್ಳಿಯ ಕಡೇ ಸಾವಿಗೆ ವರ್ಷ ತುಂಬಿತ್ತು. ಪಂಗುನಿಯ ಮಳೆ ಬಿತ್ತು. ಅಕ್ಕ ತಾರಸಿಯಿಂದ ನೋಡಿ ನನಗೇ ಫೋನ್ ಮಾಡಿದಳು. 'ಮೇಲೆ ಬಿದ್ದೈತೆ ಕಣೇ, ಚೆನ್ನಾಗಿ ಬಿದ್ದೈತೆ.' ಆ ವಾರದ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತು. ನಾನೇ ಹಿಡಿದೆ, ಅವಳ ಹೆಸರು ನಾನೇ ಸೇರಿಸಿದೆ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕ ಬಂದಳು. ನವಿಲುಗರಿ ಬಣ್ಣದ ಸೀರೆ, ತಲೆ ತುಂಬಾ ಮಲ್ಲಿಗೆ, ಕೈಯಲ್ಲಿ ಪುಳಿಯೋಗರೆ ಡಬ್ಬ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ವ್ಯಾನಿನವರಿಗೆಲ್ಲ ಆಗಲೇ ಹೇಳೋಕೆ ಶುರು ಮಾಡಿಬಿಟ್ಟಿದ್ದಳು, ಎಷ್ಟನೇ ತಿರುವಿನಲ್ಲಿ ಗಾಳಿ ಬದಲಾಗುತ್ತೆ ಅಂತ. ಡ್ರೈವರ್ ಇಂಜಿನ್ ಹಾಕಿದ. ಆಗ ಇವರು ಮೆಟ್ಟಿಲು ಇಳಿದು ಬಂದರು, ಕಿವಿಗೆ ಮೊಬೈಲು.

'ನಂಗವಳ್ಳಿಯಿಂದ ಫೋನು. ನಮ್ ತಾತನ ತಮ್ಮನ ಮೊಮ್ಮಗ ಓಗ್ಬಿಟ್ನಂತೆ. ಇಳಿ' ಅಂದರು.

'ಯಾರ್ರೀ ಅವನು?' ಅಂತ ನಾನು ಕೂಗಿದೆ. 'ಅವನ ಮುಖ ನೋಡಿದ್ದೀರಾ ನೀವು? ಅವನ ಹೆಸರು ಗೊತ್ತಾ ನಿಮಗೆ?'

'ರಕ್ತ ರಕ್ತಾನೇ' ಅಂದರು. ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳ್ತಾ ಇರಲಿಲ್ಲ, ನಿಜವಾಗಿಯೂ ಯಾರೋ ಸತ್ತಿದ್ದರು. ಆದರೆ ಆ ಮುಖದಲ್ಲಿ ದುಃಖ ಇರಲಿಲ್ಲ. ಉಸ್ಸಪ್ಪಾ ಅನ್ನೋ ನಿರಾಳ ಇತ್ತು. ನಾನು ಕಣ್ಣಾರೆ ಕಂಡೆ.

ಅಕ್ಕ ಇಳಿದಳು. ಅಲ್ಲೇ ರಸ್ತೆಯಲ್ಲಿ ನಿಂತು ತಲೆಯ ಮಲ್ಲಿಗೆ ಬಿಚ್ಚಿ ಡಬ್ಬದ ಮೇಲಿಟ್ಟಳು. ವ್ಯಾನು ಹೊರಟಿತು, ಕಿಟಕಿ ಪಕ್ಕದ ಸೀಟು ಖಾಲಿಯಾಗೇ ಹೋಯಿತು. ಆವತ್ತು ನಾನು ಅವರಿಗೆ ಬೈದದ್ದನ್ನ ಇಲ್ಲಿ ಬರೆಯೋಕಾಗಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಯವನು ಮೆಷಿನ್ ನಿಲ್ಲಿಸಿ ಕೇಳಿದ. ಎರಡು ತಿಂಗಳು ಅವರ ಹತ್ತಿರ ಮಾತು ಬಿಟ್ಟಿದ್ದೆ. ಅವರು ದಿನಾ ನನ್ನ ಮೇಜಿನ ಮೇಲೆ ಒಂದು ಕಡಲೆಮಿಠಾಯಿ ಇಟ್ಟು ಹೋಗೋರು, ನಾನು ಅದನ್ನ ಜೆರಾಕ್ಸ್ ಅಂಗಡಿಯವನಿಗೆ ಕೊಡ್ತಿದ್ದೆ. ಮತ್ತೆ ಗಿರಾಕಿಗಳು ಬಂದರು, ಮತ್ತೆ ಸ್ವೆಟರ್ ಕೊಡವಿದರು, ಮತ್ತೆ ಬೆಟ್ಟಕ್ಕೆ ಫೋನ್ ಮಾಡಿದರು. ಬೆಟ್ಟ ಉತ್ತರ ಹೇಳಿತು! ಅಕ್ಕನ ಮೇಲೂ ನನಗೆ ಸಿಟ್ಟು ಬಂತು. 'ಯಾಕಕ್ಕಾ ಹೇಳ್ತೀಯಾ? ರಿಸೀವರ್ ಕುಕ್ಕಬಾರದಾ?' ಅಂದೆ. 'ಕೇಳೋ ಮಗು ಏನ್ ತಪ್ಪು ಮಾಡೈತೆ?' ಅಂದಳು.

ಹೋದ ಮಾಸಿ ತಿಂಗಳ ಕೊನೆಗೆ, ಪಂಗುನಿ ಹುಟ್ಟೋ ಮೊದಲು, ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಕೈ ತೊಳೆಯೋಕೆ ಎದ್ದವರು ಎದೆ ಹಿಡ್ಕೊಂಡು ಕೂತರಂತೆ, ಅಷ್ಟೇ. ಕುರ್ಚಿಯಲ್ಲಿ ಸ್ವೆಟರು ಹಾಗೇ ಇತ್ತು. ಅದನ್ನ ತೆಗೆಯೋಕೆ ನನ್ನ ಕೈ ಬರಲಿಲ್ಲ. ಅಳು ಬಂತು. ಅಳ್ತಾ ಅಳ್ತಾ ಬೈದೆ, ಬೈತಾ ಬೈತಾ ಅತ್ತೆ.

ಹದಿನಾರನೇ ದಿನದ ಕಾರ್ಯಕ್ಕೆ ಎರಡು ವ್ಯಾನು ತುಂಬಾ ನಂಗವಳ್ಳಿಯವರು ಬಂದಿದ್ದರು. ಅಷ್ಟು ಹೊತ್ತಿಗೆ ಬೆಟ್ಟದ ಮೇಲೆ ಮಳೆ ಬಿದ್ದು ವಾರವಾಗಿತ್ತು. ನಾನು ಬಸ್ಸಿನಿಂದಲೇ ನೋಡಿದ್ದೆ, ಅಕ್ಕ ನೋಡಿರದೆ ಇರ್ತಾಳಾ? ಸಾವಿನ ಮನೆಯ ಹೆಂಗಸು, ಆದರೂ ದಿನಾ ಬೆಳಗ್ಗೆ ಬಟ್ಟೆ ಒಣಹಾಕೋ ನೆಪದಲ್ಲಿ ತಾರಸಿ ಹತ್ತಿದ್ದಳಂತೆ. ಎಲೆ ಹಾಕಿ ಬಡಿಸಿ ಮುಗಿದ ಮೇಲೆ, ಎಲ್ಲರೂ ಜಮಖಾನದ ಮೇಲೆ ಕೂತು ಎಲೆಅಡಿಕೆ ಹಾಕ್ತಾ ಇದ್ದಾಗ, ಅಕ್ಕ ಗೋಡೆ ಬಿಟ್ಟು ಎದ್ದು ನಿಂತಳು.

'ನಾಳೆ ನಾನು ಬೆಟ್ಟಕ್ಕೆ ಓಗ್ತೀನಿ' ಅಂದಳು.

ಎಲೆಅಡಿಕೆ ಜಗಿಯೋದು ನಿಂತಿತು. ಮೆಟ್ಟೂರಿನ ಮಗ ಎದ್ದುಬಂದು ತಾಯಿಯ ತೋಳು ಹಿಡಿದ. ಅವನಿಗೆ ಬಾಯಿಗೆ ಬರೋದು ತಮಿಳೇ. 'ಅಮ್ಮಾ, ಅಪ್ಪಾ ಪೋಯಿ ಇಪ್ಪದಾನೇ... ಒರು ವರುಷಂ ಪೊರುತ್ತುಕ್ಕೋಮ್ಮಾ.' ಅಪ್ಪ ಈಗಷ್ಟೇ ಹೋಗಿದ್ದಾರೆ, ಒಂದು ವರ್ಷ ತಾಳ್ಕೋ ಅಂತ. ಒಳ್ಳೇ ಹುಡುಗನೇ. ಅವನಿಗೂ ಅಪ್ಪ ಕಲಿಸಿದ್ದು ಅದೊಂದೇ ಪಾಠ.

ಕುಲದ ಹಿರಿಯರು, ಇವರ ದೊಡ್ಡಪ್ಪನ ಮಗ, ಕೂತಲ್ಲಿಂದಲೇ ಕೋಲು ಎತ್ತಿದರು. 'ಕಟ್ಕೊಂಡ ಗಂಡ ಕಣಮ್ಮಾ. ದಾಯಾದಿಗೇ ವರ್ಷ ಬಿಟ್ಟೋರು ನಾವು. ಗಂಡನ್ಗೆ ಬಿಡಬ್ಯಾಡ್ವಾ? ವರ್ಷ ತುಂಬ್ಲಿ. ಬರೋ ಪಂಗುನೀಗೆ ನಾವೇ ನಿಂತು ಕಳಿಸ್ತೀವಿ.'

ನನಗೆ ರಕ್ತ ನೆತ್ತಿಗೇರಿತು. ಬಾಯಿ ತೆಗೆಯೋಕೆ ಹೋದೆ. ಅಕ್ಕ ನನ್ನ ಕಡೆ ನೋಡದೆ ಕೈ ಅಡ್ಡ ಹಿಡಿದಳು. ಆಮೇಲೆ ಜಮಖಾನದ ಮೇಲೆ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿಕೊಂಡು ಬಂದಳು, ಈ ತುದಿಯಿಂದ ಆ ತುದಿಯವರೆಗೆ.

'ಬರೋ ವರ್ಷ ನಿಮ್ಮಾಗೆ ಯಾರು ಸಾಯ್ತೀರಿ? ಇವಾಗ್ಲೇ ಏಳ್ಬಿಡಿ' ಅಂದಳು. 'ತಿಳ್ಕೊಂಡು ಕೂತ್ಕೋತೀನಿ.'

ಹಿರಿಯರು ಕೋಲು ಕೆಳಗಿಟ್ಟರು. ಹಿಂದಿನ ಸಾಲಿನಲ್ಲಿ ಒಬ್ಬರು ಎಷ್ಟೋ ವರ್ಷದಿಂದ ಕೆಮ್ಮುತ್ತಿದ್ದವರು, ಪಾಪ, ಕೆಮ್ಮು ಬಂದರೂ ನುಂಗಿಕೊಂಡು ಕೂತರು. ಮಗ ತೋಳು ಬಿಟ್ಟ.

ಬೆಳಗ್ಗೆ ನಾನು ವ್ಯಾನಿಗೆ ಹೇಳಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೋದೆವು, ಇಬ್ಬರೇ. ತಡೆಯೋಕೆ ಯಾರೂ ಬರಲಿಲ್ಲ. ಮಗ ಬಸ್ ಸ್ಟ್ಯಾಂಡಿಗೆ ಬಂದು ಎರಡು ನೀರಿನ ಬಾಟಲಿ ಕೊಟ್ಟು, ಬಸ್ಸು ಹೊರಡೋವರೆಗೆ ಕಿಟಕಿಯ ಕೆಳಗೇ ನಿಂತಿದ್ದ.

ಬೆಟ್ಟದ ಬುಡದ ಅಡಿವಾರ ದಾಟಿ ತಿರುವುಗಳು ಶುರುವಾದವು. ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕವರಿಗೆ ವಾಂತಿ ಮಾಡಿದಳು. ಅಕ್ಕ ಅವಳ ಬೆನ್ನು ಸವರಿ, ನಿಂಬೆಹಣ್ಣು ಮೂಸೋಕೆ ಕೊಟ್ಟಳು. ಆಮೇಲೆ ನನ್ನ ಕಡೆ ವಾಲಿ, 'ಇವರೂ ಇಂಗೇನೇ' ಅಂದಳು.

'ಯಾರು?'

'ನಿಮ್ ಸಾರು. ನನ್ ನೋಡಕ್ಕೆ ಬಂದ್ರಲ್ಲ, ಆವತ್ತು. ಒಂಬತ್ನೇ ತಿರುವ್ನಾಗೆ ಶುರು ಆಯ್ತಂತೆ. ನಮ್ ಮನೆ ಬಾಗ್ಲಿಗೆ ಬಂದು ನಿಂತ್ಕೊಂಡು, ನಮ್ಮಪ್ಪ ಬಾ ಅಂತ ಕೈ ಇಡಿದ್ರೆ ಅಪ್ಪನ ಪಂಚೆ ಮ್ಯಾಲೇ ವಾಂತಿ ಆಗೋಯ್ತು. ಲೈನ್ ಮನೆ ಎಲ್ಲಾ ನಗಾಡ್ತು. ನಾನೂ ನಕ್ಬಿಟ್ಟೆ. ಮದ್ವೆ ಆದ್ಮೇಲೆ ಏಳಿದ್ರು, ಇನ್ ಆ ಬೆಟ್ಟ ಅತ್ತಲ್ಲ, ನೀನೂ ಅತ್ತಬ್ಯಾಡ, ಇದನ್ನ ಯಾರ್ಗೂ ಏಳಬ್ಯಾಡ ಅಂತ.'

ನಾನು ಬಸ್ಸಿನಲ್ಲೇ ಎದ್ದು ನಿಂತುಬಿಟ್ಟೆ. 'ಇಷ್ಟಕ್ಕಾ? ಒಂದು ನಿಂಬೆಹಣ್ಣು, ಒಂದು ಕವರು ಸಾಕಾಗಿತ್ತಲ್ಲ! ತಾನು ಬರೋದು ಬೇಡ, ನಿನ್ನನ್ನ ಕಳಿಸೋಕೇನಾಗಿತ್ತು? ದಿನಾ ವ್ಯಾನು ಕಳಿಸ್ತಾ ಇದ್ದನಲ್ಲ ಮಹಾರಾಯ!' ಕಂಡಕ್ಟರ್ 'ಉಕ್ಕಾರುಂಗಮ್ಮಾ' ಅಂತ ಗದರಿದ. ಕೂತೆ.

'ಕಳಿಸಿದ್ರೆ ಅಲ್ಲಿ ಯಾರಾದ್ರೂ ನೆನೆಸ್ಕೊಂಡು ನಗ್ತಾರೆ ಅಂತ' ಅಂದಳು ಅಕ್ಕ. 'ನಗೋರೆಲ್ಲ ಸತ್ತೋಗಿ ಎಷ್ಟು ಕಾಲ ಆಯ್ತು. ಅದನ್ನೂ ಏಳಿದೆ. ಕೇಳ್ಲಿಲ್ಲ.' ಆಮೇಲೆ ಕಿಟಕಿ ಕಡೆ ತಿರುಗಿ ಹೇಳಿದಳು. 'ನಂಗೂ ಕೋಪ ಐತೆ ಕಣೇ. ಇಲ್ಲ ಅಂದ್ಕೋಬ್ಯಾಡ. ಬಾಳಾ ಐತೆ.'

ಊರು ದಾಟಿ ಎಸ್ಟೇಟಿನ ದಾರಿಯಲ್ಲಿ ಇಳಿದೆವು. ಲೈನ್ ಮನೆ ಇರಲಿಲ್ಲ. ಅಲ್ಲಿ ಒಂದು ರೆಸಾರ್ಟು, ಕಾಂಪೌಂಡು, ಈಜುಕೊಳ. ನಾನು ಎಂಥದೋ ಸಮಾಧಾನದ ಮಾತು ಹುಡುಕ್ತಾ ಇದ್ದೆ. ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಾಂಪೌಂಡಿನ ಪಕ್ಕದ ಕಾಲುದಾರಿ ಹಿಡಿದು, ಚಪ್ಪಲಿ ಕೈಲಿ ತಗೊಂಡು, ನನಗಿಂತ ಮುಂದೆ ಮುಂದೆ ಇಳಿದುಹೋದಳು. ಸಿಲ್ವರ್ ಓಕ್ ಮರಗಳ ಕೆಳಗೆ, ಇಳಿಜಾರಿನ ಕೊನೆಯವರೆಗೆ, ಕಾಫಿ ಗಿಡ ಪೂರ್ತಿ ಬೆಳ್ಳಗಿತ್ತು. ಎಲೆ ಕಾಣ್ತಿರಲಿಲ್ಲ. ಅವಳು ಹೇಳಿದ್ದ ಹಾಗೇ, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ವಾಸನೆಗೆ ನನಗೆ ನಿಜವಾಗಿ ತಲೆ ತಿರುಗಿತು.

ಅಕ್ಕ ಎರಡು ಸಾಲಿನ ನಡುವೆ ಹೋಗಿ ನೆಲದ ಮೇಲೆ ಕೂತಳು. ಗಂಡ ಸತ್ತ ಹೆಂಗಸು ಅಂತ ತಲೆಗೆ ಹೂವು ಬೇಡ ಅಂದಿದ್ದರು. ಗಿಡದಿಂದ ಉದುರಿ ಉದುರಿ ಅವಳ ತಲೆಯ ಮೇಲೆ ಬಿತ್ತು, ಅವಳು ಕೊಡವಲಿಲ್ಲ. ಅಳ್ತಾಳೇನೋ ಅಂತ ನೋಡಿದೆ. ಇಲ್ಲ.

ಆಗ ನನ್ನ ಮೊಬೈಲ್ ಹೊಡ್ಕೊಂಡಿತು. ಆಫೀಸಿನ ಫೋನನ್ನ ನನ್ನ ನಂಬರಿಗೆ ತಿರುಗಿಸಿದ್ದೆ. ಸೇಲಂನವರೇ, ಕನ್ನಡದವರೇ, ಹಳೇ ಗಿರಾಕಿ. 'ಸಾರ್ ಇಲ್ವಾ? ಅಯ್ಯೋ, ಹೌದಾ, ಗೊತ್ತಾಗಲಿಲ್ಲಮ್ಮಾ... ಏನಿಲ್ಲ, ಮಕ್ಕಳನ್ನ ಏರ್ಕಾಡಿಗೆ ಕರ್ಕೊಂಡು ಹೋಗೋಣ ಅಂತ. ಈಗ ಹೋದರೆ ಚೆನ್ನಾಗಿರುತ್ತಾ? ಸಾರ್ ಬೆಟ್ಟಕ್ಕೆ ಕೇಳಿ ಹೇಳೋರು.'

'ಇರಿ, ಬೆಟ್ಟಕ್ಕೇ ಕೊಡ್ತೀನಿ' ಅಂದೆ.

ಅಕ್ಕ ಫೋನ್ ತಗೊಂಡಳು. ಅಭ್ಯಾಸಬಲ, ಏಳೋಕೆ ಒಂದು ಕೈ ನೆಲಕ್ಕೆ ಊರಿದಳು, ತಾರಸಿ ಹತ್ತೋಕೆ. ಹತ್ತೋಕೆ ಇನ್ನೇನೂ ಇರಲಿಲ್ಲ. ಕೈ ತೆಗೆದು ಮತ್ತೆ ನೆಟ್ಟಗೆ ಕೂತಳು. ಆ ಕಡೆಯವರು ಎರಡೆರಡು ಸಲ ಕೇಳೋದು ನನಗೂ ಕೇಳಿಸ್ತಿತ್ತು, ಈಗ ಬರಬಹುದಾ, ಈಗ ಹೇಗಿದೆ.

'ಈಗ ಬರ್ಬ್ಯಾಡಿ' ಅಂದಳು ಅಕ್ಕ. 'ಈಗ ನಾನ್ ಬಂದಿವ್ನಿ.'